ಹಾಜರಿಯಲ್ಲಿಲ್ಲದ ಹೊಲಿಗೆಯಕ್ಕ

"ನಾನು ಇದ್ದೆ ಅಂತ ತೋರಿಸ್ಕೊಡಬೇಕು," ಎಂದಳು ಬಂದವಳು. ಕುರ್ಚಿ ತೋರಿಸಿದರೂ ಕೂತಿರಲಿಲ್ಲ.

ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿದರು. "ಎಲ್ಲಿ ಇದ್ದೆ ಅಂತಮ್ಮ?"

"ಬೈಂಡಿಂಗ್ ಕಾರ್ಖಾನೇಲಿ. ಹನ್ನೊಂದು ವರ್ಷ ಪುಸ್ತಕ ಹೊಲಿದಿದೀನಿ. ಈಗ ಅಂಥವಳು ಇಲ್ಲಿ ಇರ್ಲೇ ಇಲ್ಲ ಅಂತಿದಾರೆ."

ಮೂಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ ಕಾಂಪೌಂಡರು ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು. ಅವರಿಗೆ ಇಂಥ ಮಧ್ಯಾಹ್ನಗಳೆಂದರೆ ಜೀವ. ಹೆಂಡತಿ ಹೋಗಿ ಆರು ವರ್ಷ, ದವಾಖಾನೆಯಿಂದ ನಿವೃತ್ತರಾಗಿ ನಾಲ್ಕು ವರ್ಷ. ದೊಡ್ಡಮ್ಮನ ಮನೆಯ ಮಹಡಿಯ ಮೇಲೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ಬೆಳಿಗ್ಗೆ ಹಾಲಿನವನಿಗೆ ಒಂದು ಮಾತು, ಸಂಜೆ ಅಂಗಡಿಯವನಿಗೆ ಒಂದು ಮಾತು. ನಡುವೆ ಬಾಯಿಗೆ ಕೆಲಸವಿರುತ್ತಿದ್ದುದು ದೊಡ್ಡಮ್ಮನ ಜಗುಲಿಯಲ್ಲಿ ಮಾತ್ರ.

ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಾಗಬೇಕಾದವರಲ್ಲ. ಅಕ್ಕ ತಂಗಿಯರು, ಅವರ ಮಕ್ಕಳು ಯಾರೂ ಇಲ್ಲ. ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ಮೂವತ್ತೈದು ವರ್ಷ ಧೂಳು ಕುಡಿದು ನಿವೃತ್ತರಾದವರು. ಕಾಗದ ಕಂಡರೆ ಮೂಗು ಹತ್ತಿರ ತರುತ್ತಿದ್ದರು, ಮನುಷ್ಯರನ್ನು ಕಂಡರೆ ಸ್ವಲ್ಪ ದೂರ ಸರಿಯುತ್ತಿದ್ದರು. ಕಳೆದ ಉಯಿಲು, ಹೆಸರಿಲ್ಲದ ಪತ್ರ, ಎರಡು ಸಲ ಮಾರಿದ ಮನೆ, ಇಂಥದ್ದೆಲ್ಲ ಅವರ ಜಗುಲಿಗೆ ಬಂದು ಬಗೆಹರಿದು ಹೋಗುತ್ತಿತ್ತು. ಪೊಲೀಸರೂ ಕೆಲವು ಸಲ ಬಂದು ತಲೆ ಕೆರೆದುಕೊಂಡು ನಿಂತದ್ದುಂಟು.

"ಕೂತ್ಕೊಂಡು ಹೇಳು. ನಿಂತವರ ಮಾತು ನನಗೆ ಕೇಳಿಸಲ್ಲ," ಎಂದರು.

ಅವಳು ಕೂತಳು. ನಲವತ್ತೈದರ ಆಸುಪಾಸು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹೊಲಿಗೆಯಕ್ಕ ಎನ್ನುತ್ತಿದ್ದರಂತೆ. ಮನೆಯಲ್ಲಿ ಬೇರೆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಒಬ್ಬಳೇ.

ಕತೆ ಉದ್ದವಿರಲಿಲ್ಲ. ಮೂರು ತಿಂಗಳ ಹಿಂದೆ ಕಾಗದ ಕತ್ತರಿಸುವ ಯಂತ್ರದವನು ರಜೆ ಹಾಕಿದ್ದ. ಅರ್ಜೆಂಟು ಕೆಲಸ. ಯಜಮಾನರು ಅವಳನ್ನು ಹೊಲಿಗೆ ಮೇಜಿನಿಂದ ಎಬ್ಬಿಸಿ ಹಾಳೆ ಸರಿ ಮಾಡು ಎಂದರು. ಅವಳು ಸರಿ ಮಾಡುತ್ತಿರುವಾಗಲೇ ಗುಮಾಸ್ತ ಯಂತ್ರದ ಹಿಡಿ ಎಳೆದ. ಎಡಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಿಂದ ಬಂದು ಕೆಲಸಕ್ಕೆ ಹೋದರೆ ಬಾಗಿಲಲ್ಲೇ ಗುಮಾಸ್ತ, "ಯಾರಮ್ಮ ನೀನು?" ಎಂದು ಕೇಳಿದ.

"ಹಂಗೇ ಕೇಳಿದ್ನಾ?" ಎಂದರು ಕಾಂಪೌಂಡರು.

"ಹಂಗೇ ಕೇಳಿದ್ರು ಸಾರ್. ಹನ್ನೊಂದು ವರ್ಷ ಅವರ ಕೈಲೇ ಸಂಬಳ ತಗೊಂಡಿದೀನಿ. ಒಂದು ಚೀಟಿ ಕೊಟ್ಟವರಲ್ಲ. ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕ್ದೆ. ಅಲ್ಲಿಗೆ ಯಜಮಾನ್ರು ಮೂರು ವರ್ಷದ ಹಾಜರಿ ಪುಸ್ತಕ ತಂದ್ರು. ಅದರಲ್ಲಿ ನಾಲ್ಕೇ ಜನ. ಗುಮಾಸ್ತರು, ಕತ್ತರಿಸೋನು, ಹೊರೆ ಎತ್ತೋನು, ಗೋಂದು. ನಾನಿಲ್ಲ. ಆವತ್ತು ಯಾರದೋ ಮಗುವಿನ ಪುಸ್ತಕ ಬೈಂಡ್ ಮಾಡಿಸೋಕೆ ಬಂದವಳು ಸುಮ್ಮನಿರದೆ ಯಂತ್ರಕ್ಕೆ ಕೈ ಹಾಕಿದ್ಲು ಅಂದ್ರು."

"ಗೋಂದು ಅಂದ್ರೆ?"

ಹೊಲಿಗೆಯಕ್ಕನ ಮುಖ ಮೊದಲ ಸಲ ಸಡಿಲಾಯಿತು. "ಅಂಟು ಹಚ್ಚೋ ಹುಡುಗಿ. ಹುಡುಗಿ ಅಂತೀನಿ, ಎರಡು ಮಕ್ಕಳ ತಾಯಿ. ನನ್ನ ಎದುರಿಗೇ ಕೂರೋಳು. ನನ್ನ ಬಿಟ್ಟು ಅಲ್ಲಾಡ್ತಿರಲಿಲ್ಲ, ಅದಕ್ಕೇ ಗೋಂದು ಅಂತ ಹೆಸರಿಟ್ಟಿದ್ದು. ಈಗಲೂ ದಿನಾ ಬೆಳಿಗ್ಗೆ ಊಟ ತಂದಿಟ್ಟು, ಈ ಕೈಗೆ ಕಟ್ಟು ಕಟ್ಟಿ ಕೆಲಸಕ್ಕೆ ಹೋಗ್ತಾಳೆ. ಅವಳನ್ನ ಸಾಕ್ಷಿಗೆ ಎಳೀಬೇಡಿ. ಗಂಡನಿಗೆ ಕೆಲಸ ಇಲ್ಲ. ಈ ಕೆಲಸವೂ ಹೋದ್ರೆ ಆ ಮನೆ ಮುಳುಗಿ ಹೋಗುತ್ತೆ."

ಕಾಂಪೌಂಡರ ಕಣ್ಣು ಆಗಿನಿಂದಲೂ ಆ ಕಟ್ಟಿನ ಮೇಲಿತ್ತು. ಬಟ್ಟೆ ಒದ್ದೆಯಾಗಿತ್ತು. ಒಂದು ಬೆರಳಿನ ಗಾಯ ಇನ್ನೂ ವಾಸಿಯಾಗಿರಲಿಲ್ಲ. ಮೇಲೆ ಹೋಗಿ ತಮ್ಮ ಹಳೆಯ ಪೆಟ್ಟಿಗೆ ತಂದರು. ಆ ಪೆಟ್ಟಿಗೆ ತೆರೆಯುವ ಅವಕಾಶ ಸಿಕ್ಕಿದ್ದೇ ಅವರಿಗೆ ಹಬ್ಬ. ಆದರೆ ಕಟ್ಟಿನ ಗಂಟು ಮಾತ್ರ ಬಿಚ್ಚಲಿಲ್ಲ. ಎರಡು ಸುತ್ತು ಹಾಕಿ, ತುದಿಯನ್ನು ಒಳಗೇ ಎಳೆದು ಬಿಗಿದ ಗಂಟು. ಉಗುರಿಗೂ ಜಗ್ಗಲಿಲ್ಲ.

"ಸರ್ವೀಸಲ್ಲಿ ಸಾವಿರ ಕಟ್ಟು ಬಿಚ್ಚಿದೀನಿ. ಇಂಥ ಗಂಟು ಕಂಡಿಲ್ಲ," ಎಂದು ಗೊಣಗಿ ಕತ್ತರಿಯಿಂದ ಕತ್ತರಿಸಿದರು. ಕತ್ತರಿಸಿದ ಗಂಟನ್ನು ಬುಟ್ಟಿಗೆ ಹಾಕಹೋದಾಗ ದೊಡ್ಡಮ್ಮ ಕೈಚಾಚಿ ಇಸಿದುಕೊಂಡು, ಬೆಳಕಿಗೆ ಹಿಡಿದು ನೋಡಿ, ತಾವೇ ಬುಟ್ಟಿಗೆ ಹಾಕಿದರು.

"ನೀನು ಎಡಚಿಯಾ?" ಎಂದು ಕೇಳಿದರು.

"ಹೌದು. ನಿಮಗೆ ಹೆಂಗೆ ಗೊತ್ತಾಯ್ತು?"

"ಆಗಿನಿಂದ ಲೋಟ ಎತ್ತೋಕೆ ಎಡಗೈ ಮುಂದೆ ಬರುತ್ತೆ, ನೆನಪಾಗಿ ಹಿಂದೆ ಹೋಗುತ್ತೆ. ಆಸ್ಪತ್ರೆ ಚೀಟಿ ಇದೆಯಾ?"

ಇತ್ತು. ಓದುವ ಕೆಲಸ ಕಾಂಪೌಂಡರದು. ವೈದ್ಯರ ಬರಹ ಓದಬಲ್ಲ ಜೀವ ಆ ಮನೆಯಲ್ಲಿ ಅವರೊಬ್ಬರೇ. ತಾರೀಖು, ಎಡಗೈ, ಎರಡು ಬೆರಳು, ಆಮೇಲೆ ಒಂದು ಸಾಲು: ಗಾಯದಿಂದ ಲೋಹದ ಚೂರು ತೆಗೆಯಲಾಗಿದೆ.

"ಲೋಹ ಎಲ್ಲಿಂದ ಬಂತು?" ಎಂದರು ದೊಡ್ಡಮ್ಮ.

"ಅಂಗುಸ್ತಾನದ್ದು. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕ್ಕೊಳ್ತೀವಲ್ಲ, ಉಕ್ಕಿನ ಟೋಪಿ. ಹೊಲಿತಾ ಇದ್ದವಳನ್ನ ಎಬ್ಬಿಸಿದ್ರಲ್ಲ, ತೆಗೆಯೋದು ಮರೆತಿದ್ದೆ. ಬೆರಳಿನ ಜೊತೆ ಅದೂ ಕತ್ತರಿಸಿ ಹೋಯ್ತು."

ದೊಡ್ಡಮ್ಮ ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಆ ಹಾಜರಿ ಪುಸ್ತಕ ನೀನು ನೋಡಿದ್ಯಾ?"

"ಒಂದು ಗಳಿಗೆ ಕೈಗೆ ಕೊಟ್ಟಿದ್ರು. ಅದನ್ನ ನೋಡಿ ಏನೂ ಪ್ರಯೋಜನ ಇಲ್ಲ ದೊಡ್ಡಮ್ಮ. ಅದು ಬಿಟ್ಟು ಬೇರೆ ದಾರಿ ಇದ್ರೆ ನೋಡಿ." ಅವಳು ಎದ್ದಳು. "ಮುಂದಿನ ಬುಧವಾರ ಕೊನೇ ವಿಚಾರಣೆ. ಆಮೇಲೆ ಫೈಲ್ ಮುಚ್ತಾರಂತೆ. ಮುಚ್ಚಿದ್ರೆ ನನಗೆ ಚಿಕಿತ್ಸೆಯೂ ಇಲ್ಲ, ಪರಿಹಾರವೂ ಇಲ್ಲ. ಅದು ಹೋಗ್ಲಿ. ಬೆಳಿಗ್ಗೆ ಎಂಟಕ್ಕೆ ಕಾಲು ತಾನಾಗೇ ಬಾಗಿಲಿಗೆ ಹೋಗುತ್ತೆ. ಹನ್ನೊಂದು ವರ್ಷ ನಾನು ಎಲ್ಲಿಗೆ ಹೋಗ್ತಿದ್ದೆ, ಹೇಳಿ?"

ಅವಳು ಹೋದ ಮೇಲೂ ಆ ಪ್ರಶ್ನೆ ಕಾಂಪೌಂಡರ ಕಿವಿಯಲ್ಲೇ ಇತ್ತು. ನಿವೃತ್ತರಾದ ಮೊದಲ ತಿಂಗಳು ಅವರ ಕಾಲೂ ಹೀಗೇ ಬಾಗಿಲಿಗೆ ಹೋಗುತ್ತಿತ್ತು.

ಮರುದಿನ ಅವಳು ಸಹಿ ಮಾಡಿದ ಒಪ್ಪಿಗೆ ಪತ್ರ ಹಿಡಿದು ಇಬ್ಬರೂ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋದರು. ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು. ಹಳೆಯ ಕಡತಗಳ ಧೂಳಿಗೆ ಸೀನುತ್ತಲೇ ಮೂರು ಹಾಜರಿ ಪುಸ್ತಕಗಳನ್ನು ಮೇಜಿನ ಮೇಲೆ ಇಡಿಸಿದರು. ದಪ್ಪ ರಟ್ಟು, ಬಟ್ಟೆಯ ಬೆನ್ನು. ಕಾರ್ಖಾನೆಯಲ್ಲೇ ಮಾಡಿದ ಪುಸ್ತಕಗಳು. ಊರಿಗೆಲ್ಲ ರಿಜಿಸ್ಟರು ಮಾಡಿಕೊಡುವವರು ತಮ್ಮದನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆಯೇ?

ಕಾಂಪೌಂಡರು ಆಸೆಯಿಂದ ಪುಟ ತಿರುಗಿಸಿದರು. ಮೂರು ವರ್ಷ, ಒಂದೇ ಕೈಬರಹ, ಮಸಿಯ ಬಣ್ಣವೂ ಒಂದೇ. "ದೊಡ್ಡಮ್ಮ, ಇದು ಗುಮಾಸ್ತನ ಕೈವಾಡ. ಹಿಡಿ ಎಳೆದವನೂ ಅವನೇ, ತಪ್ಪಿಸಿಕೊಳ್ಳೋಕೆ ಇದನ್ನ ಬರೆದವನೂ ಅವನೇ. ಕೇಸು ಮುಗೀತು."

"ಗುಮಾಸ್ತ ಬರೀದೆ ಹಾಜರಿ ನೀವು ಬರೀತೀರಾ? ದಿನಾ ಒಂದೇ ಸೀಸೆಯ ಮಸಿ ತಗೊಂಡೆ ಅಂತಾನೆ. ಆಗೇನು ಮಾಡ್ತೀರಿ?"

ಕಾಂಪೌಂಡರ ಮುಖ ಸಪ್ಪಗಾಯಿತು. ದೊಡ್ಡಮ್ಮ ಒಂದಕ್ಷರವನ್ನೂ ಓದಿರಲಿಲ್ಲ. ಪುಸ್ತಕ ಮುಚ್ಚಿ, ಹಾಳೆಗಳ ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆದರು. "ನೀವೂ ಎಳೀರಿ." ಕಾಂಪೌಂಡರು ಎಳೆದರು. ಮೇಲಿನಿಂದ ನಾಲ್ಕು ಬೆರಳು ಕೆಳಗೆ ಉಗುರು ಚೂರು ತಡೆಯಿತು. ಕಣ್ಣು ಹತ್ತಿರ ತಂದರೆ ಕೂದಲೆಳೆಯಷ್ಟು ಸಣ್ಣ ಗೆರೆ, ಮೇಲು ರಟ್ಟಿನಿಂದ ಕೆಳರಟ್ಟಿನವರೆಗೂ ಹಾದುಹೋಗಿತ್ತು. ಮೂರೂ ಪುಸ್ತಕಗಳಲ್ಲಿ ಅದೇ ಜಾಗದಲ್ಲಿ ಅದೇ ಗೆರೆ.

ಆಮೇಲೆ ದೊಡ್ಡಮ್ಮ ಹಾಳೆಗಳ ಕೊನೆಯ ಮಡಿಕೆಯನ್ನು ಬಿಡಿಸಿ, ನಡುವೆ ಓಡಿದ ದಾರವನ್ನು ನೋಡಿದರು. ದಾರದ ಗಂಟು ಪುಸ್ತಕದ ತಲೆಯ ಕಡೆ ಇತ್ತು. ಅದನ್ನು ಬಹಳ ಹೊತ್ತು ನೋಡಿದರು. ಯಾಕೋ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ನಿಮಗೆ ಎರಡು ಕೆಲಸ," ಎಂದರು ಬೀದಿಗೆ ಬಂದ ಮೇಲೆ. "ಆ ಕಾರ್ಖಾನೆಗೆ ಹೋಗಿ ಇನ್ನೂರು ಪುಟದ ಒಂದು ಹೊಸ ರಿಜಿಸ್ಟರು ಕೊಂಡ್ಕೊಂಡು ಬನ್ನಿ. ರಶೀದಿ ಬಿಡಬೇಡಿ. ಆಮೇಲೆ, ನಿಮ್ಮ ದವಾಖಾನೆಗೆ ರೋಗಿಗಳ ರಿಜಿಸ್ಟರು ಎಲ್ಲಿಂದ ಬರ್ತಿತ್ತು?"

ಕಾಂಪೌಂಡರು ಬಾಯಿ ಬಿಟ್ಟರು. "ಅಲ್ಲಿಂದಲೇ!"

"ಇಪ್ಪತ್ತು ವರ್ಷ ಅದರಲ್ಲಿ ಬರೆದು, ಕೈಲಿ ಹಿಡ್ಕೊಂಡು ಓಡಾಡಿ, ಈಗ ನೆನಪಾಯ್ತಾ? ಸಿಕ್ಕಷ್ಟೂ ತನ್ನಿ."

ಕಾರ್ಖಾನೆ ಒಂದು ಉದ್ದನೆಯ ಕೊಠಡಿ. ಅಂಟಿನ ವಾಸನೆ, ಕಾಗದದ ಚೂರು, ಗೋಡೆಗೆ ಒರಗಿದ ರಟ್ಟುಗಳು. ಕೊನೆಯಲ್ಲಿ ಕತ್ತರಿಸುವ ಯಂತ್ರ, ಗಾಜಿನ ಹಿಂದೆ ಯಜಮಾನರು. ಕಿಟಕಿಯ ಪಕ್ಕದ ಮೇಜಿನಲ್ಲಿ ಬಡಕಲು ಹೆಂಗಸೊಬ್ಬಳು ಪುಸ್ತಕ ಹೊಲಿಯುತ್ತಿದ್ದಳು. ಅವಳೇ ಗೋಂದು ಇರಬೇಕು. ಮೇಜಿಗೆ ಎರಡು ಸ್ಟೂಲು. ಎದುರಿನ ಸ್ಟೂಲಿನ ಮೇಲೆ ಹಾಳೆಗಳ ಕಟ್ಟು ಪೇರಿಸಿಟ್ಟಿದ್ದರು. ಅದನ್ನು ನೋಡಿ ಕಾಂಪೌಂಡರಿಗೆ ತಮ್ಮ ಮನೆ ನೆನಪಾಯಿತು. ಅವರ ಕೋಣೆಯ ಊಟದ ಮೇಜಿಗೂ ಎರಡು ಕುರ್ಚಿ. ಒಂದರ ಮೇಲೆ ಅವರೂ ಹಳೆಯ ಪತ್ರಿಕೆ ಪೇರಿಸಿಟ್ಟಿದ್ದರು.

"ಇಲ್ಲಿ ಒಬ್ಬಳು ಹೊಲಿಯೋಳು ಇದ್ದಳಲ್ಲ?" ಎಂದು ಗುಮಾಸ್ತನನ್ನು ಸುಮ್ಮನೆ ಕೇಳಿದಂತೆ ಕೇಳಿದರು.

"ಇವಳೇ. ಮೊದಲಿಂದ್ಲೂ ಇವಳೇ," ಎಂದ ಗುಮಾಸ್ತ, ರಶೀದಿ ಬರೆಯುತ್ತ ತಲೆ ಎತ್ತದೆ.

ಗೋಂದುವಿನ ಸೂಜಿ ನಿಂತಿತು. ಅವಳು ಕಾಂಪೌಂಡರ ಕಡೆ ನೋಡಲಿಲ್ಲ. ಎದುರಿನ ಸ್ಟೂಲಿನ ಕಡೆಯೂ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೂಜಿ ಮತ್ತೆ ಓಡಿತು.

ದವಾಖಾನೆಯಲ್ಲಿ ಕಾಂಪೌಂಡರನ್ನು ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ. ಹೊಸ ವೈದ್ಯೆ ಒಳ್ಳೆಯವರು, ಅಟ್ಟ ಹತ್ತಿ ನೀವೇ ಹುಡುಕಿಕೊಳ್ಳಿ ಎಂದರು. ಹನ್ನೆರಡು ವರ್ಷದ ಹನ್ನೆರಡು ರಿಜಿಸ್ಟರು ಸಿಕ್ಕಿದವು. ಪ್ರತಿಯೊಂದರ ಹಿಂದಿನ ರಟ್ಟಿನೊಳಗೂ ಬೈಂಡಿಂಗ್ ಕಾರ್ಖಾನೆಯ ಚೀಟಿ, ಕೊಟ್ಟ ತಾರೀಖು. ಮೊದಲ ಎಂಟರಲ್ಲಿ ಅವರದೇ ದುಂಡನೆಯ ಅಕ್ಷರ. ಅಟ್ಟದ ಮೇಲೆ ಕೂತು ಒಂದಿಷ್ಟು ಪುಟ ಓದಿದರು. ಎಷ್ಟು ಜನರಿಗೆ ಎಷ್ಟು ಮದ್ದು ಕೊಟ್ಟಿದ್ದರು! ತಾವೂ ಒಂದು ಕಾಲದಲ್ಲಿ ಇದ್ದದ್ದಕ್ಕೆ ಈ ಪುಸ್ತಕಗಳೇ ಗುರುತು ಎಂದು ತೋರಿತು. ಹನ್ನೆರಡನ್ನೂ ಕಟ್ಟಿ ಹೊತ್ತುಕೊಂಡು ಇಳಿದರು.

ಬುಧವಾರ ಅಧಿಕಾರಿಯ ಕೊಠಡಿ ತುಂಬಿತ್ತು. ದೊಡ್ಡಮ್ಮನ ಕೋರಿಕೆಯಂತೆ ಹಾಜರಿಯಲ್ಲಿದ್ದ ನಾಲ್ವರನ್ನೂ ಕರೆಸಿದ್ದರು. ಒಬ್ಬೊಬ್ಬರೇ ಬಂದು ಸಹಿ ಹಾಕಿ ಬೆಂಚಿನ ಮೇಲೆ ಕೂತರು. ಯಜಮಾನರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದರು. ಹೊಲಿಗೆಯಕ್ಕ ಬಾಗಿಲ ಹತ್ತಿರ, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಬೆಂಚಿನ ಮೇಲಿದ್ದವರು ಯಾರೂ ಅವಳ ಕಡೆ ತಿರುಗಲಿಲ್ಲ.

"ಪುಸ್ತಕ ಬೈಂಡ್ ಮಾಡಿಸೋಕೆ ಬಂದ ಗಿರಾಕಿ ಅಂತೀರಿ," ಎಂದು ದೊಡ್ಡಮ್ಮ ಯಜಮಾನರ ಕಡೆ ತಿರುಗಿದರು. "ಗಿರಾಕಿಗಳು ಬೆರಳಿಗೆ ಅಂಗುಸ್ತಾನ ಹಾಕ್ಕೊಂಡು ಬರ್ತಾರಾ?"

"ಯಾವ ಅಂಗುಸ್ತಾನ?"

"ಆಸ್ಪತ್ರೆಯವರು ಗಾಯದಿಂದ ತೆಗೆದದ್ದು. ಚೀಟೀಲಿ ಇದೆ, ತಾರೀಖಿನ ಸಮೇತ." ಚೀಟಿಯನ್ನು ಅಧಿಕಾರಿಯ ಮುಂದಿಟ್ಟರು. "ನಿಮ್ಮ ಯಂತ್ರದ ಅಲಗು ಕಾಗದ ಕತ್ತರಿಸೋಕೆ ಮಾಡಿದ್ದು. ಉಕ್ಕು ಕತ್ತರಿಸಿದ್ರೆ ಅದರ ಬಾಯಿ ಒಂದು ಕಡೆ ಮುಕ್ಕಾಗುತ್ತೆ. ಮುಕ್ಕಾದ ಅಲಗಿಂದ ಕತ್ತರಿಸಿದ ಪುಸ್ತಕದ ಅಂಚಲ್ಲೆಲ್ಲ ಒಂದು ಗೆರೆ ಉಳಿಯುತ್ತೆ. ಸಾಹೇಬ್ರೆ, ಇದು ಹೋದ ವಾರ ಅಲ್ಲಿ ಕೊಂಡ ಹೊಸ ರಿಜಿಸ್ಟರು. ಇದು ಅದರ ರಶೀದಿ. ಅಂಚಿನ ಮೇಲೆ ಉಗುರು ಎಳೆದು ನೋಡಿ."

ಅಧಿಕಾರಿ ಎಳೆದರು. "ಇಲ್ಲಿ ತಡೀತಿದೆ."

"ಮೇಲಿಂದ ನಾಲ್ಕು ಬೆರಳು ಕೆಳಗೆ. ಈಗ ದವಾಖಾನೆಯ ಹನ್ನೆರಡು. ಎಲ್ಲವೂ ಗಾಯಕ್ಕೆ ಮುಂಚೆ ಮಾಡಿದ್ದು, ಚೀಟೀಲಿ ತಾರೀಖಿದೆ."

ಅಧಿಕಾರಿ ಒಂದೊಂದನ್ನೇ ನೋಡಿದರು. ಹನ್ನೆರಡರ ಅಂಚಿನಲ್ಲೂ ಉಗುರು ಸಲೀಸಾಗಿ ಜಾರಿತು. "ಯಾವುದರಲ್ಲೂ ಗೆರೆ ಇಲ್ಲ."

"ಈಗ ಯಜಮಾನರ ಮೂರು ಹಾಜರಿ ಪುಸ್ತಕ. ಒಂದು ಎರಡು ವರ್ಷದ ಹಿಂದಿನದಂತೆ, ಒಂದು ಹೋದ ವರ್ಷದ್ದು, ಒಂದು ಈ ವರ್ಷದ್ದು."

ಯಜಮಾನರ ಮೇಲಿನ ಕಾಲು ಕೆಳಗಿಳಿಯಿತು. ಮೂರು ಪುಸ್ತಕದಲ್ಲೂ ಉಗುರು ಅದೇ ಜಾಗದಲ್ಲಿ ತಡೆದಾಗ ಅಧಿಕಾರಿ ಸೀನುವುದನ್ನೂ ಮರೆತಿದ್ದರು.

"ಮೂರು ವರ್ಷದ ಹಾಜರಿ ಬರೆದ ಪುಸ್ತಕಗಳ ಅಂಚು ಕತ್ತರಿಸಿದ್ದು ಮೂರು ತಿಂಗಳೀಚೆಗೆ," ಎಂದರು ದೊಡ್ಡಮ್ಮ. "ಯಾವ ಬೆರಳು ಇಲ್ಲಿರಲೇ ಇಲ್ಲ ಅಂತ ತೋರಿಸೋಕೆ ಈ ಪುಸ್ತಕ ಮಾಡಿದ್ರೋ, ಅದೇ ಬೆರಳು ಇದರ ಮೇಲೆ ಗೆರೆ ಎಳೆದಿದೆ."

"ಗುಮಾಸ್ತರೇ, ಏನ್ರೀ ಇದು?" ಎಂದು ಯಜಮಾನರು ಗುಡುಗಿದರು.

"ನನ್ನ ಮೇಲೆ ಹಾಕ್ಬೇಡಿ!" ಗುಮಾಸ್ತ ಎದ್ದು ನಿಂತ. "ಹಳೇದನ್ನ ಒಲೆಗೆ ಹಾಕು, ಹೊಸದು ಬರಿ ಅಂದವರು ನೀವು. ಹಿಡಿ ಎಳೆದವನು ನಾನು ಅಂತ ಹೆದರಿಸಿ ಬರೆಸಿದವರೂ ನೀವೇ."

ಕಾಂಪೌಂಡರಿಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಆದರೆ ಯಜಮಾನರು ಅಷ್ಟಕ್ಕೇ ಮಣಿಯುವ ಆಸಾಮಿಯಲ್ಲ. ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. "ಪುಸ್ತಕ ಹೊಸದಿರಬಹುದು. ಹಳೇದು ಹುಳ ತಿಂದಿತ್ತು, ನಕಲು ಮಾಡಿಸಿದ್ವಿ. ಅಂಗುಸ್ತಾನವಂತೆ! ಮೇಜಿನ ಮೇಲಿದ್ದದ್ದನ್ನ ಆಟಕ್ಕೆ ಹಾಕ್ಕೊಂಡಿರ್ತಾಳೆ. ಅಷ್ಟಕ್ಕೇ ಇವಳು ನನ್ನ ಕೆಲಸದವಳು ಆಗಿಬಿಡ್ತಾಳಾ? ಎಲ್ಲಿದೆ ಪುರಾವೆ?"

"ಅದೂ ಹೌದು," ಎಂದರು ಅಧಿಕಾರಿ ಬೇಸರದಿಂದ. "ಪುಸ್ತಕ ಸುಳ್ಳು ಅಂದ ಮಾತ್ರಕ್ಕೆ ಇವರು ಕೆಲಸಕ್ಕಿದ್ದರು ಅಂತ ಆಗಲ್ಲ."

"ಆಗಲ್ಲ," ಎಂದು ದೊಡ್ಡಮ್ಮ ಒಪ್ಪಿಕೊಂಡರು. "ಅದಕ್ಕೇ ಹನ್ನೆರಡು ಪುಸ್ತಕ ಹೊರಿಸಿಕೊಂಡು ಬಂದದ್ದು. ಪಾಪ, ನಮ್ಮ ಕಾಂಪೌಂಡ್ರ ಸೊಂಟ ಹೋಗಿದೆ. ಕೊನೇ ಮಡಿಕೆ ಬಿಡಿಸಿ, ದಾರದ ಗಂಟು ಎಲ್ಲಿದೆ ನೋಡಿ. ಬಲಗೈಯವರು ಹೊಲಿಗೆ ಶುರು ಮಾಡೋದು ಪುಸ್ತಕದ ತಲೆಯಿಂದ, ಮುಗಿಸಿ ಗಂಟು ಹಾಕೋದೂ ತಲೆಯ ಕಡೆ. ಎಡಗೈಯವರಿಗೆ ಅದು ತಿರುಗಾಮುರುಗಾ. ಬುಡದಿಂದ ಶುರು, ಬುಡದಲ್ಲೇ ಗಂಟು."

ಅಧಿಕಾರಿ ಒಂದೊಂದಾಗಿ ಬಿಡಿಸಿದರು. ಹನ್ನೆರಡು ವರ್ಷದ ಹಿಂದಿನ ಮೊದಲ ಪುಸ್ತಕದಲ್ಲಿ ಗಂಟು ತಲೆಯ ಕಡೆ ಇತ್ತು, ಸಾದಾ ಗಂಟು. ಮುಂದಿನದರಲ್ಲಿ ಬುಡದ ಕಡೆ, ಎರಡು ಸುತ್ತಿನ ಗಂಟು. ಅದರ ಮುಂದಿನದರಲ್ಲೂ ಹಾಗೇ. ಹನ್ನೊಂದು ಪುಸ್ತಕ, ಹನ್ನೊಂದೂ ಬುಡದಲ್ಲಿ.

"ಈ ಪುಸ್ತಕ ನಿಮ್ಮ ಕಾರ್ಖಾನೇದೇ ತಾನೇ?" ಎಂದು ದೊಡ್ಡಮ್ಮ ಯಜಮಾನರನ್ನು ಕೇಳಿದರು.

"ಚೀಟಿ ಇದೆಯಲ್ಲ. ಹೌದು."

"ನಿಮ್ಮ ಹಾಜರೀಲಿರೋ ನಾಲ್ವರೂ ಈಗ ತಾನೇ ಸಾಹೇಬರ ಎದುರು ಸಹಿ ಹಾಕಿದ್ರು. ನಾಲ್ವರೂ ಬಲಗೈಲಿ. ಹಾಗಾದ್ರೆ ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ನಿಮ್ಮ ಮೇಜಿನ ಮುಂದೆ ಕೂತು ಎಡಗೈಲಿ ಹೊಲಿದ ಐದನೆಯವರು ಯಾರು? ಅವರು ಹೊಲಿಯೋದು ನಿಂತದ್ದು ಯಾವಾಗ? ಹೊಸ ರಿಜಿಸ್ಟರು ನೋಡಿ, ಗಂಟು ತಲೆಯ ಕಡೆ ಹೋಗಿದೆ. ಆ ಎಡಗೈ ಮೂರು ತಿಂಗಳ ಹಿಂದೆ ನಿಂತಿದೆ ಸಾಹೇಬ್ರೆ. ಅದು ಅಲ್ಲಿದೆ, ಬಾಗಿಲ ಹತ್ತಿರ."

ಅಧಿಕಾರಿ ಲೇಖನಿ ತೆಗೆದುಕೊಂಡವರು, ತಡೆದರು. ಹಾಜರಿ ಪುಸ್ತಕವೊಂದರ ಮಡಿಕೆಯನ್ನು ಮತ್ತೆ ಬಿಡಿಸಿದರು. "ಒಂದು ನಿಮಿಷ. ಇಲ್ಲೂ ಎರಡು ಸುತ್ತಿನ ಗಂಟೇ ಇದೆ, ತಲೆಯ ಕಡೆ. ಹೊಸ ರಿಜಿಸ್ಟರಲ್ಲೂ ಅದೇ. ಇವರ ಗಂಟು ಬಲ್ಲ ಬಲಗೈಯವರು ಒಬ್ಬರಿದಾರೆ. ಈ ಸುಳ್ಳು ಪುಸ್ತಕ ಹೊಲಿದವರು ಯಾರು?"

ದೊಡ್ಡಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. "ಈ ಕೇಸಿಗೆ ಅದು ಬೇಕಾಗಿಲ್ಲ."

"ನನಗೆ ಬೇಕು."

ಆಗ ಕಾಂಪೌಂಡರಿಗೆ ಹೊಳೆಯಿತು. ಎರಡು ಸುತ್ತು, ತುದಿ ಒಳಗೆ. ಆ ಗಂಟನ್ನು ಅವರು ತಮ್ಮ ಕೈಯಾರೆ ಕತ್ತರಿಸಿದ್ದರು. ಬಾಗಿಲ ಕಡೆ ನೋಡಿದರು. ಇವತ್ತು ಬೆಳಿಗ್ಗೆಯೂ ಯಾರೋ ಹೊಸ ಕಟ್ಟು ಕಟ್ಟಿ ಕಳಿಸಿದ್ದರು. ಹೊಲಿಗೆಯಕ್ಕ ಆ ಕೈಯನ್ನು ಶಾಲಿನ ಒಳಗೆ ಎಳೆದುಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅವಳಿಗೆ ಮೊದಲಿಂದಲೂ ಗೊತ್ತಿತ್ತು.

"ನಾನು ಹೊಲಿದೆ," ಎಂದಿತು ಬೆಂಚಿನಿಂದ ಒಂದು ದನಿ.

ಗೋಂದು ನಿಂತಿದ್ದಳು. "ಮೂರೂ ನಾನೇ ಹೊಲಿದೆ ಸಾರ್. ಹೊಲಿದರೆ ಅಕ್ಕನ ಜಾಗ ನಿಂಗೆ, ಇಲ್ಲದಿದ್ರೆ ನೀನೂ ಹೊರಗೆ ಅಂದ್ರು. ಗಂಟು ಕಲಿಸಿದ್ದು ಅಕ್ಕನೇ, ಊಟದ ಬಿಡುವಲ್ಲಿ ಎದುರು ಕೂರಿಸಿಕೊಂಡು. ಹನ್ನೊಂದು ವರ್ಷ ಅಕ್ಕ ಅಲ್ಲೇ ಇದ್ರು. ಬೇಕಾದ್ರೆ ಬರ್ಕೊಳ್ಳಿ, ಸಹಿ ಹಾಕ್ತೀನಿ." ಅವಳು ಅಷ್ಟು ಹೇಳಿ ಯಜಮಾನರ ಕಡೆ ನೋಡಲೇ ಇಲ್ಲ. ಕೆಲಸ ಹೋಯಿತೆಂಬುದು ಅವಳಿಗೂ ಗೊತ್ತಿತ್ತು, ಕೊಠಡಿಗೂ ಗೊತ್ತಿತ್ತು.

ಅಧಿಕಾರಿ ಹೊಲಿಗೆಯಕ್ಕನನ್ನು ಕೇಳಿದರು. "ಮೊದಲ ವಿಚಾರಣೇಲಿ ಪುಸ್ತಕ ನಿಮ್ಮ ಕೈಲಿ ಕೊಟ್ಟಿದ್ದೆ. ಆಗ ನಿಮಗೆ ತಿಳೀಲಿಲ್ವಾ?"

"ಮುಟ್ಟಿದ ಕೂಡ್ಲೇ ತಿಳೀತು ಸಾರ್."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಮೂರು ತಿಂಗಳಿಂದ ನನ್ನ ಮನೆ ಬಾಗಿಲು ತಟ್ಟಿದವಳು ಅವಳೊಬ್ಬಳೇ. ಹೇಳಿದ್ರೆ ಅವಳೂ ಬರಲ್ಲ."

ಅಧಿಕಾರಿ ತಲೆ ತಗ್ಗಿಸಿ ಬರೆಯಲು ತೊಡಗಿದರು. ಬರೆದು ಮುಗಿಸಿ ಗಟ್ಟಿಯಾಗಿ ಓದಿದರು. ಅರ್ಜಿದಾರಳು ಹನ್ನೊಂದು ವರ್ಷ ಸದರಿ ಕಾರ್ಖಾನೆಯ ಕೆಲಸಗಾರ್ತಿಯಾಗಿದ್ದಳೆಂದೂ, ಕೆಲಸದ ವೇಳೆಯಲ್ಲೇ ಗಾಯಗೊಂಡಳೆಂದೂ ಸಾಬೀತಾಗಿದೆ. ಚಿಕಿತ್ಸೆ ಮತ್ತು ಪರಿಹಾರ ಯಜಮಾನರ ಹೊಣೆ. ಸುಳ್ಳು ದಾಖಲೆಯ ವಿಚಾರ ಪೊಲೀಸರಿಗೆ.

"ಮೊದಲ ಸಾಲು ಇನ್ನೊಂದ್ಸಲ ಓದ್ತೀರಾ?" ಎಂದಳು ಹೊಲಿಗೆಯಕ್ಕ. ಅವರು ಓದಿದರು.

ಹೊರಗೆ ಮೆಟ್ಟಿಲಿಳಿಯುವಾಗ ಕಾಂಪೌಂಡರು ತಡೆಯಲಾರದೆ ಕೇಳಿದರು. "ನಿಮಗೆ ಯಾವಾಗ ಗೊತ್ತಾಯ್ತು?"

"ಪುಸ್ತಕ ಸುಳ್ಳು ಅಂತ ಗೆರೆ ಹೇಳ್ತು. ಯಾರು ಹೊಲಿದದ್ದು ಅಂತ ಹೇಳೋ ಗಂಟನ್ನ ಅದಕ್ಕೂ ಮುಂಚೆ ನೀವೇ ನನ್ನ ಕೈಗೆ ಕೊಟ್ಟಿದ್ರಿ, ಗೊಣಗ್ತಾ ಗೊಣಗ್ತಾ," ಎಂದರು ದೊಡ್ಡಮ್ಮ. "ತನ್ನ ಉಳಿವಿಗೆ ಬೇಕಾದ ಪುಸ್ತಕವನ್ನೇ ನೋಡಬೇಡಿ ಅಂದಳಲ್ಲ, ಆಗಲೇ ಯಾರನ್ನೋ ಕಾಯ್ತಿದಾಳೆ ಅನ್ನಿಸ್ತು. ಅವಳು ಬಾಯಿ ತುಂಬ ಹೇಳಿದ್ದು ಒಬ್ಬಳ ಹೆಸರು ಮಾತ್ರ." ಅವರ ದನಿಯಲ್ಲಿ ಎಂದಿನ ಚುರುಕು ಇರಲಿಲ್ಲ. "ಹೆಸರು ಹೇಳದೆ ಗೆಲ್ಲಿಸಬಹುದು ಅಂದ್ಕೊಂಡಿದ್ದೆ. ಆಗ್ಲಿಲ್ಲ ಕಾಂಪೌಂಡ್ರೆ."

ಕಚೇರಿಯ ಗೇಟಿನ ಬಳಿ ಇಬ್ಬರು ಹೆಂಗಸರು ನಿಂತಿ­ದ್ದರು, ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಗೋಂದು ಅಳುತ್ತಿದ್ದಳು. ಹೊಲಿಗೆಯಕ್ಕ ಅಳುತ್ತಿರಲಿಲ್ಲ.

"ಒಂದು ಕೇಳ್ತೀನಿ," ಎಂದಳು ಹೊಲಿಗೆಯಕ್ಕ. "ದಿನಾ ಊಟ ತರ್ತಿದ್ಯಲ್ಲ, ಅದು ನನ್ನ ಮೇಲಿನ ಪ್ರೀತಿಗಾ, ಇಲ್ಲಾ ಮಾಡಿದ್ದಕ್ಕಾ?"

ಗೋಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಸತ್ಯ ಹೇಳ್ಬೇಕು ಅಂದ್ರೆ, ನಂಗೇ ಗೊತ್ತಿಲ್ಲಕ್ಕಾ."

ಹೊಲಿಗೆಯಕ್ಕ ತಲೆಯಾಡಿಸಿದಳು. ಆದೇಶದ ಪ್ರತಿಯನ್ನು ಬಲಗೈಯಲ್ಲಿ ಮಡಿಸಲು ನೋಡಿದಳು, ಸರಿಯಾಗಿ ಮಡಿಸಲು ಬರಲಿಲ್ಲ. ಗೋಂದು ಕೈ ಮುಂದೆ ಮಾಡಿ, ಮತ್ತೆ ಹಿಂದೆ ತೆಗೆದುಕೊಂಡಳು.

"ನಾಳೆ ಬರ್ಲಾ ಅಕ್ಕಾ?"

"ನಾಳೆ ಬೇಡ. ಬೇಕಾದಾಗ ನಾನೇ ಹೇಳಿ ಕಳಿಸ್ತೀನಿ."

ಗೋಂದು ಸರಿ ಎಂದು ಒಂದು ದಿಕ್ಕಿಗೆ ಹೋದಳು, ಹೊಲಿಗೆಯಕ್ಕ ಇನ್ನೊಂದು ದಿಕ್ಕಿಗೆ. ಕಾಂಪೌಂಡರು ಹೊಲಿಗೆಯಕ್ಕನ ಬೆನ್ನನ್ನೇ ನೋಡುತ್ತ ನಿಂತರು. ಯಾರ ಕೈಯಲ್ಲಿ ಹೇಳಿ ಕಳಿಸುತ್ತಾಳೆ? ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ.